ಮೂರನೆಯ ನುಡಿ

ಆವತ್ತು ಕರೆಂಟು ಹೋಗಿರಲಿಲ್ಲ, ಸುಮಿತ್ರಾ. ಸ್ವಿಚ್ಚು ಆರಿಸಿದವನು ನಾನು — ಅದೂ ಕಾಲಿನಿಂದ. ಹದಿನಾಲ್ಕು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ನಿನಗೆ ಆಗಲೇ ಗೊತ್ತಿತ್ತು, ಅದು ನನಗೂ ಗೊತ್ತು. ಆದರೂ ನನ್ನ ಬಾಯಿಂದ ಬರಬೇಕಲ್ಲ —

ನಾವು ಮೂವರು. ನೀನು ಬರೆದು ಹಾಡುವವಳು, ನನ್ನದು ಗಿಟಾರು, ರಫೀಕನದು ಡ್ರಮ್ಮು. ಬನಹಟ್ಟಿಯಲ್ಲಿ ರಾಕ್ ಬ್ಯಾಂಡ್ ಎಂದರೆ ಜನ ನಕ್ಕರು. ಬರೀ ಗದ್ದಲ ಎಂದರು, ದಿನವಿಡೀ ಪವರ್‌ಲೂಮಿನ ಸದ್ದಿನಲ್ಲೇ ಬದುಕುವ ಮಹನೀಯರು. ನಮ್ಮಪ್ಪನ ಮಗ್ಗದ ಶೆಡ್ಡಿನ ಗೋಡೆಗೆ ಕಿವಿ ಕೊಟ್ಟೇ ತಾನು ತಾಳ ಕಲಿತದ್ದು ಎಂದು ರಫೀಕ ಹೇಳುತ್ತಿದ್ದ.

ಅದೇ ಶೆಡ್ಡಿನಲ್ಲಿ ನಿನ್ನ ಅಪ್ಪ ಮಗ್ಗ ನಡೆಸುತ್ತಿದ್ದರು, ಅವ್ವ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲವೆಂದು ಇಬ್ಬರೂ ಕಣ್ಣಲ್ಲಿ, ತುಟಿಯಲ್ಲಿ ಮಾತಾಡಿಕೊಳ್ಳುತ್ತಿದ್ದುದನ್ನು ನೀನು ಹಾಡು ಮಾಡಿದೆ. ಮೊದಲೆರಡು ನುಡಿ ಅವರ ಪ್ರೀತಿ. ಮೂರನೆಯದು ಬೇರೆಯೇ — ಶೆಡ್ಡಿನಲ್ಲಿ ಹೆಂಗಸರಿಗೆ ಪಾಯಖಾನೆ ಇಲ್ಲ, ಅದಕ್ಕೇ ಅವ್ವ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುವುದಿಲ್ಲ, ಮಾಲೀಕ, ನಿನಗಿದು ಕಾಣುವುದಿಲ್ಲವೇ ಎಂದು. ಅಲ್ಲಿ ನನ್ನ ಗಿಟಾರು ಒರಟಾಗಿ ಚೀರಬೇಕಿತ್ತು. ಅದಕ್ಕೆಂದೇ ಕಾಲಲ್ಲಿ ಒತ್ತುವ ಒಂದು ಪೆಡಲ್ ತಂದಿದ್ದೆ.

ಇದನ್ನು ಬೇರೆ ಹಾಡು ಮಾಡೋಣ ಎಂದಿದ್ದೆ ನಾನು. ಪ್ರೀತಿಯ ಹಾಡಿನಲ್ಲಿ ಪಾಯಖಾನೆ ಯಾಕೆ ಎಂದು ನಕ್ಕಿದ್ದೆ ಕೂಡ. ನೀನು ನಗಲಿಲ್ಲ.

"ಅವ್ವನ ಮ್ಯಾಲೆ ಪ್ರೀತಿ ಐತಿ ಅಂತನ ಸಿಟ್ಟು ಬರತೈತಿ. ಎರಡು ಹಾಡು ಹೆಂಗ ಆಕ್ಕಾವೋ?"

ನಮ್ಮ ಶೆಡ್ಡಿನ ಪಕ್ಕದಲ್ಲೇ ಓಣಿಯ ಗಣಪತಿ ಪೆಂಡಾಲು, ಮಟಮಟ ಮಧ್ಯಾಹ್ನ. ಮುಂದಿನ ಕುರ್ಚಿಯಲ್ಲಿ ನನ್ನಪ್ಪ, ಹೆಂಗಸರ ಸಾಲಿನಲ್ಲಿ ನಿನ್ನವ್ವ. ಎರಡು ನುಡಿಗೂ ಚಪ್ಪಾಳೆ ಬಿತ್ತು. ಮೂರನೆಯದರ ಮೊದಲ ಸಾಲಿಗೆ ಅಪ್ಪನ ಮುಖ ಬಿಗಿಯಿತು. ಅಷ್ಟೇ. ಅವರು ಏನೂ ಹೇಳಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ. ಪೆಡಲ್ ಒತ್ತಬೇಕಾದ ನನ್ನ ಕಾಲು ಪಕ್ಕದಲ್ಲಿ ನೆಲದ ಮೇಲಿದ್ದ ಸ್ವಿಚ್ ಬೋರ್ಡಿನ ಮೇಲೆ ಬಿತ್ತು — ಬಿತ್ತು ಎನ್ನುವುದೂ ಸುಳ್ಳು. ನಾನೇ ಇಟ್ಟೆ. ಮೈಕು, ಗಿಟಾರು ಎರಡೂ ಸತ್ತವು.

"ಕರೆಂಟ್ ಹೋತು," ಎಂದೆ ನಾನು.

ನಮ್ಮೂರಲ್ಲಿ ಕರೆಂಟು ಹೋದರೆ ಮೊದಲು ಮಗ್ಗಗಳು ನಿಲ್ಲುತ್ತವೆ, ಊರಿಗೆ ಊರೇ ಸುಮ್ಮನಾಗುತ್ತದೆ. ಇದು ತೊಟ್ಟಿಲ ಕೂಸಿಗೂ ಗೊತ್ತು. ಗೋಡೆಯಾಚೆ ನಮ್ಮ ಶೆಡ್ಡು ಓಡುತ್ತಲೇ ಇತ್ತು. ಪೆಂಡಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ನೀನು ನನ್ನ ಕಾಲನ್ನೇ ನೋಡಿದೆ.

"ಮಗ್ಗ ನಡದಾವಲ್ಲೋ," ಎಂದು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದೆ ನೀನು.

ಆಮೇಲೆ ನೀನು ಮೈಕಿಲ್ಲದೆಯೇ ಹಾಡಿದೆ. ನಮ್ಮ ಮಗ್ಗಗಳ ಸದ್ದಿನಲ್ಲಿ ಒಂದಕ್ಷರ ಯಾರಿಗೂ ಕೇಳಲಿಲ್ಲ. ನಿನ್ನವ್ವ ಮಾತ್ರ ನಿನ್ನ ತುಟಿಗಳನ್ನೇ ನೋಡುತ್ತ, ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದರು. ಅವರಿಗೆ ಎಲ್ಲ ತಿಳಿದಿರಬೇಕು. ಆ ದಿನದ ನಂತರ ನೀನು ಹಾಡಲಿಲ್ಲ.

ನಾನು ಹಾಡಿದೆ! ಜಮಖಂಡಿ, ಮುಧೋಳದ ಮದುವೆ ರಿಸೆಪ್ಷನ್ನುಗಳಲ್ಲಿ, ಮೊದಲೆರಡು ನುಡಿ ಮಾತ್ರ. ಅದು ಜನರ ಮೊಬೈಲಿಗೂ ಹತ್ತಿತು. ಯಾರು ಬರೆದದ್ದು ಎಂದು ಕೇಳಿದರೆ ಸುಮ್ಮನೆ ನಗುತ್ತಿದ್ದೆ, ಅವರು ನಾನೇ ಎಂದುಕೊಳ್ಳಲಿ ಎಂದು.

ಕಳೆದ ತಿಂಗಳು ಜಮಖಂಡಿಯ ರಿಸೆಪ್ಷನ್ನಿನಲ್ಲಿ ನಿನ್ನನ್ನು ಕಂಡೆ. ಸಾವಳಗಿಯಲ್ಲಿ ಟೀಚರಾಗಿದ್ದೀಯೆಂದು ಯಾರೋ ಹೇಳಿದ್ದರು. ನಾನು ಹಾಡಿ ಕೆಳಗಿಳಿದಾಗ ನೀನು ಊಟದ ತಟ್ಟೆ ಹಿಡಿದೇ ಹತ್ತಿರ ಬಂದೆ.

"ಮೂರನೇದು ಮರ್ತಿ ಏನು?"

ಹೂಂ, ಮರ್ತೇನಿ ಎಂದುಬಿಟ್ಟೆ. ಒಂದಕ್ಷರವನ್ನೂ ಮರೆತಿಲ್ಲ, ಸುಮಿತ್ರಾ. ಮರೆಯಲು ಎಷ್ಟು ಒದ್ದಾಡಿದ್ದೇನೆ —

ಅಪ್ಪ ತೀರಿಕೊಂಡ ಮೇಲೆ ಶೆಡ್ಡು ನನ್ನದು. ಈಗ ಅಲ್ಲಿ ಏಳು ಮಂದಿ ಹೆಂಗಸರು ಕಂಡಿಕೆ ಸುತ್ತುತ್ತಾರೆ. ಪಾಯಖಾನೆ ಇವತ್ತಿಗೂ ಇಲ್ಲ. ಮೊನ್ನೆ ಸಂಜೆ ಮೂಲೆಯ ಕೊಡವನ್ನು ಇಣುಕಿ ನೋಡಿದೆ. ಬೆಳಿಗ್ಗೆ ತುಂಬಿಟ್ಟ ನೀರು ಹಾಗೇ ಇತ್ತು. ನಾಚಿಕೆಯಾಯಿತು.

ಗೌಂಡಿಗೆ ಹೇಳಿದ್ದೇನೆ, ಸೋಮವಾರ ಪಾಯಖಾನೆಗೆ ಪಾಯ ತೋಡುತ್ತಾನೆ. ಇದರಿಂದ ನನ್ನ ತಪ್ಪೇನೂ ಕರಗುವುದಿಲ್ಲ. ಮದುವೆಗಳಲ್ಲಿ ಆ ಹಾಡು ಬೇಕೆಂದು ಕೇಳಿದವರಿಗೆ ಅದು ನನ್ನದಲ್ಲ ಎನ್ನುತ್ತಿದ್ದೇನೆ, ನಿನ್ನ ಹೆಸರು ಹೇಳುತ್ತಿದ್ದೇನೆ. ಇನ್ನು ಅದನ್ನು ನೀನು ಹಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಡುವಾಗ ಗಿಟಾರಿಗೆ ನನ್ನನ್ನು ಕರೆಯಬೇಡ.