ಕಬ್ಬಾಳಿಗೆ ಮುತ್ತಿಗೆ

ಸೋಲುತ್ತಿರುವ ರಾಜನಿಗೆ ಅನ್ನ ಸೇರುವುದಿಲ್ಲ ಅನ್ನುತ್ತಾರೆ. ಸುಳ್ಳು. ಕಳೆದ ವಾರವಿಡೀ ನನ್ನ ರಾಜ್ಯ ಕುಸಿಯುತ್ತಿತ್ತು, ನಾನು ಬಿಡದಿಯಲ್ಲಿ ಬೆಣ್ಣೆ ಹಾಕಿಸಿಕೊಂಡು ತಟ್ಟೆ ಇಡ್ಲಿ ತಿನ್ನುತ್ತಲೇ ಇದ್ದೆ. ಆದರೆ ತಿಂದದ್ದು ಮೈಗೆ ಹತ್ತಲಿಲ್ಲ.

ರಾಜ್ಯ ಇರುವುದು ನನ್ನ ಫೋನಿನಲ್ಲಿ. ಚನ್ನಪಟ್ಟಣದಿಂದ ಬಿಡದಿಯ ಕಾರ್ಖಾನೆಗೆ ದಿನಾ ರೈಲಿನಲ್ಲಿ ಹೋಗಿಬರುವವನಿಗೆ ಹೊತ್ತು ಹೋಗಬೇಕಲ್ಲ, ಅದಕ್ಕೆ ಹಾಕಿಸಿಕೊಂಡ ಆಟ. ಊರು ಕಟ್ಟಬೇಕು, ದಂಡು ಕೂಡಿಸಬೇಕು, ನೆರೆಯವನು ಏರಿ ಬಂದರೆ ಕಾದಬೇಕು. ನಾನು ನನ್ನ ನಡೆ ಮುಗಿಸಿ ಗುಂಡಿ ಒತ್ತಿದ ಮೇಲೆಯೇ ಶತ್ರುವಿನ ಸರದಿ. ಒತ್ತುವ ತನಕ ಅವನು ಕದಲುವುದಿಲ್ಲ. ಎಂಥ ಮರ್ಯಾದಸ್ಥ ನೋಡಿ! ನಮ್ಮ ಸೂಪರ್‌ವೈಸರ್ ಕೂಡ ನನಗಾಗಿ ಅಷ್ಟು ಕಾದದ್ದಿಲ್ಲ.

ಆಟವು ಊರುಗಳಿಗೆ ತಾನೇ ಬಾಯಿಗೆ ಬಾರದ ಹೆಸರಿಡುತ್ತದೆ. ಅವನ್ನೆಲ್ಲ ಅಳಿಸಿ ನಮ್ಮ ಕಡೆಯ ಹೆಸರಿಟ್ಟೆ. ರಾಜಧಾನಿ, ನಾನು ಹುಟ್ಟಿದ ಕೆಂಪಾಪುರ. ಹೊಳೆ ದಾಟುವಲ್ಲಿ ಮಾಗಡಿ. ಗಡಿಯಲ್ಲಿ ಬೆಟ್ಟದ ಬುಡಕ್ಕೊಂದು ಊರಿತ್ತು, ಬೆಟ್ಟ ಕಂಡದ್ದೇ ತಡ, ಕಬ್ಬಾಳು ಎಂದೆ. ಕಬ್ಬಾಳು ನನ್ನ ಹೆಂಡತಿ ಭಾಗ್ಯಳ ತವರು. ಇಟ್ಟು ಸುಮ್ಮನಿದ್ದೆನೇ? ಅವಳಿಗೆ ತೋರಿಸಿ ಶಹಬಾಸ್‌ಗಿರಿ ಬೇರೆ ಗಿಟ್ಟಿಸಿಕೊಂಡೆ. ಅಲ್ಲೇ ಕೆಟ್ಟೆ. ಗಡಿಯ ಊರಿಗೆ ಹೆಂಡತಿಯ ತವರಿನ ಹೆಸರಿಡಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮಾಗಡಿ ಹೋಯಿತು. ಶತ್ರುವಿನ ದಂಡು ಕಬ್ಬಾಳಿನ ಮುಂದೆ ಬೀಡುಬಿಟ್ಟಿತು. ನನಗೆ ಉಳಿದದ್ದು ಒಂದೇ ಆನೆಪಡೆ, ಅದೂ ಕಬ್ಬಾಳಿನ ಕೋಟೆಯೊಳಗೆ. ಅಲ್ಲೇ ನಿಂತು ಕಾದಿದರೆ ಪಡೆಯೂ ಹೋಗುತ್ತದೆ, ಊರೂ ಹೋಗುತ್ತದೆ, ಆಮೇಲೆ ಕೆಂಪಾಪುರಕ್ಕೆ ದಿಕ್ಕಿಲ್ಲ. ಹಿಂದಕ್ಕೆ ಕರೆಸಿಕೊಂಡರೆ ಕೆಂಪಾಪುರ ಉಳಿದರೂ ಉಳಿದೀತು, ಕಬ್ಬಾಳು ಮಾತ್ರ ಶತ್ರುವಿನ ಪಾಲು. ಇದನ್ನು ಭಾಗ್ಯಳಿಗೆ ಹೇಗೆ ಹೇಳಲಿ? ನಮ್ಮ ಮನೆಯ ನಡಾವಳಿಯೇ ಹಾಗಿದೆ: ಹಬ್ಬಕ್ಕೆ ಮೊದಲು ನನ್ನ ಊರು, ರಜ ಮಿಕ್ಕರೆ ಅವಳ ಊರು. ಈಗ ಆಟದಲ್ಲೂ ಅವಳ ಊರು ಕೊಟ್ಟು ನನ್ನ ಊರು ಉಳಿಸಿಕೊಂಡರೆ ಅವಳು ಏನೆಂದುಕೊಂಡಾಳು? ಸಂಜೆ ಸೊಪ್ಪು ಬಿಡಿಸುತ್ತ, “ನಮ್ಮೂರು ಹೆಂಗೈತೆ?” ಎಂದು ಕೇಳುತ್ತಾಳೆ. “ಐತೆ, ಐತೆ” ಎಂದು ಬಚ್ಚಲಿಗೆ ಹೋಗಿಬಿಡುತ್ತೇನೆ.

ರೈಲಿನ ಜೊತೆಗಾರ ಪುಟ್ಟಸ್ವಾಮಿಗೆ ಇದೆಲ್ಲ ತಮಾಷೆ. “ಏನ್ಲಾ, ಇನ್ನೂ ಉಸಿರಾಡ್ತೈತಾ ನಿನ್ನ ರಾಜ್ಯ? ಆಟ ಕಣ್ಲಾ ಅದು! ಅಳಿಸ್ಬುಟ್ಟು ಹೊಸದಾಗಿ ಶುರು ಮಾಡು” ಎಂದ. ಹೇಳುವವನಿಗೇನು, ಅವನ ಹೆಂಡತಿಯ ತವರು ಕನಕಪುರದಲ್ಲಿ ಕ್ಷೇಮವಾಗಿದೆ.

ಸರದಿ ಪ್ರಕಾರ ಕಾದಾಡುವುದು ನಮಗೆ ಹೊಸದೇನಲ್ಲ. ಹಳೆಯ ಗುಡಿಗಳ ಜಗಲಿಕಲ್ಲಿನ ಮೇಲೆ ಕೊರೆದ ಗೆರೆಗಳನ್ನು ನೀವೂ ನೋಡಿರುತ್ತೀರಿ. ಅದು ಆಡುಹುಲಿ ಆಟದ ಮನೆ. ಹುಲಿ ಹಾರಿ ಹಾರಿ ಆಡು ತಿನ್ನುತ್ತದೆ. ಆಡುಗಳು ಒಂದಕ್ಕೊಂದು ಒತ್ತಿ ನಿಂತು ಹುಲಿಗೆ ದಾರಿಯೇ ಇಲ್ಲದಂತೆ ಮಾಡಬೇಕು. ಅಲ್ಲಿ ಹೆಚ್ಚು ಯೋಚಿಸಿದರೆ ಎದುರು ಕೂತವನು, “ಬೇಗ ನಡಸ್ಲಾ, ಕತ್ತಲಾಯ್ತದೆ” ಎಂದು ಗದರುತ್ತಿದ್ದ. ಆತಂಕಕ್ಕೂ ಒಂದು ಮಿತಿ ಇತ್ತು. ನನ್ನ ಫೋನಿನ ಶತ್ರು ಗದರುವುದಿಲ್ಲ. ಅವನು ಕಾಯುತ್ತಾನೆ, ನನ್ನ ಆತಂಕವೂ ಅವನ ಜೊತೆ ಕಾಯುತ್ತದೆ.

ಭಾನುವಾರ ಒಲೆಯ ಮೇಲೆ ಹುರುಳಿ ಸಾರಿಟ್ಟು ಭಾಗ್ಯ ಈಚೆ ಬಂದಳು. “ಏನಾಗೈತೆ ನಿಮ್ಗೆ? ಫ್ಯಾನ್ ಕೆಳಗೆ ಕುಂತ್ಕೊಂಡು ಬೆವರ್ತಿದ್ದೀರಲ್ಲ, ಕೊಡಿ ಇಲ್ಲಿ” ಎಂದು ಫೋನು ಕಿತ್ತುಕೊಂಡಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಎಲ್ಲ ಹೇಳಿದೆ. ಹೇಳಿ ಗೋಡೆ ನೋಡುತ್ತ ಕೂತೆ.

ಕಬ್ಬಾಳಿನ ಜಗಲಿಯ ಮೇಲೆ ಆಡುಹುಲಿಯಾಡಿ ಬೆಳೆದವಳು. ಸ್ವಲ್ಪ ಹೊತ್ತು ನೋಡಿ ಕೇಳಿದಳು: “ಊರೊಳಗಿರೋ ಜನಾನೂ ಆನೆ ಜೊತೆ ಈಚೆಗೆ ಕರ್ಕೊಬೋದಾ?”

“ಕರ್ಕೊಬೋದು. ಆದ್ರೆ ಊರು ಹೋಯ್ತದೆ. ನಿಮ್ಮೂರು.”

“ಹೋದ್ರೆ ಹೋಗ್ಲಿ, ಜನ ಉಳೀಲಿ.”

“ನಿಂಗೆ ಬೇಜಾರಾಗಲ್ವಾ?”

ಅವಳು ಫೋನಿನಿಂದ ತಲೆಯೆತ್ತಿದಳು. “ನಾನು ಬುಟ್ಟು ಬರ್ಲಿಲ್ವಾ ಆ ಊರ್ನ? ಅವತ್ತು ನೀವು ಹಿಂಗೆ ಬೆವರಿದ್ದು ನಾ ಕಾಣೆ.”

ಮದುವೆ ಮುಗಿದು ಅವಳು ಅವ್ವನ ಸೆರಗು ಬಿಡಿಸಿಕೊಂಡು ವ್ಯಾನು ಹತ್ತಿದ ದಿನ, ನನ್ನ ಚಿಂತೆಯೆಲ್ಲ ಹೊಸ ಬೂಟು ಕಾಲು ಕಚ್ಚುತ್ತಿದ್ದುದರ ಮೇಲಿತ್ತು. ಪರದೆಯ ಮೇಲಿನ ಒಂದು ಚುಕ್ಕೆಗೆ ವಾರವಿಡೀ ಒದ್ದಾಡಿದ ಮಹಾರಾಜ ನಾನು! ನಾಚಿಕೆಯಾಯಿತು.

ಅವಳು ಆನೆಯನ್ನೂ ಜನರನ್ನೂ ಹಿಂದಕ್ಕೆ ಕರೆದುಕೊಂಡು, ಗುಂಡಿ ಒತ್ತಿಯೇ ಬಿಟ್ಟಳು. ಶತ್ರು ಬರಿದಾದ ಕಬ್ಬಾಳನ್ನು ಹೊಕ್ಕ. ಮುಂದಿನ ನಡೆಗೆ ಕಬ್ಬಾಳಿನವರು ಕೆಂಪಾಪುರದ ಗೋಡೆ ಕಟ್ಟಲು ನಿಂತರು. ರಾಜ್ಯ ಈಗಲೂ ಸೋಲುತ್ತಲೇ ಇದೆ, ಒಸಿ ನಿಧಾನವಾಗಿ. ಆದರೆ ಕೆಂಪಾಪುರ ಇನ್ನೂ ನಿಂತಿರುವುದು ಕಬ್ಬಾಳಿನಿಂದ ಬಂದವರ ದೆಸೆಯಿಂದ ಎಂಬುದು ನನಗೆ ಚೆನ್ನಾಗಿ ಕಾಣಿಸಿತು. ಆಟದಾಚೆಗೂ ಕಾಣಿಸಿತು.

“ಈ ಸಲ ಹಬ್ಬಕ್ಕೆ ಮೊದಲು ಕಬ್ಬಾಳಿಗೇ ಹೋಗಣ” ಎಂದೆ.

ಅವಳು ಹೂಂ ಎಂದಳೇ ಹೊರತು ಫೋನು ಕೊಡಲಿಲ್ಲ. ಹುಬ್ಬು ಗಂಟಿಕ್ಕಿ ಮುಂದಿನ ನಡೆ ಯೋಚಿಸುತ್ತಿದ್ದಳು. ಒಳಗೆ ಹುರುಳಿ ಸಾರು ಉಕ್ಕಿ ಚೊಂಯ್ ಎಂದಿತು. ಅವಳು ಕದಲಲಿಲ್ಲ. ಸರದಿ ಯಾರದೆಂದು ಗೊತ್ತಾಗಿ, ನಾನೇ ಎದ್ದು ಒಳಗೆ ಹೋದೆ.