ಮುಂಬೈಯಿಂದ ನಿಲ್ಲಿಸಿದ ಗ್ರೈಂಡರ್

ನನ್ನ ಅಣ್ಣನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆರುವುದು ಬೇಡ ಎಂದೇ ಇದನ್ನು ಬರೆಯುತ್ತಿದ್ದೇನೆ.

ಬೀಜಾಡಿಯ ನಮ್ಮ ಮನೆಯಲ್ಲಿ ಇರುವವಳು ನಾನೊಬ್ಬಳೇ. ಅಣ್ಣ ಮುಂಬೈಯಲ್ಲಿ ಹೋಟೆಲ್ ನಡೆಸುತ್ತಾನೆ. ನಮ್ಮಲ್ಲಿ ಮನೆ ಹೆಣ್ಣುಮಕ್ಕಳಿಂದ ಮುಂದುವರಿಯುವುದು ಎಂದು ಹೇಳಿಕೊಳ್ಳಲು ಚೆಂದ. ಯಜಮಾನಿಕೆ ಮಾತ್ರ ಗಂಡಸಿನದು. ದೀಪ ಹಚ್ಚುವವಳು ನಾನು, ಅಂಗಳ ಗುಡಿಸುವವಳು ನಾನು, ಯಜಮಾನ ಅವನು! ಇಡ್ಲಿ, ದೋಸೆಯ ಹಿಟ್ಟು ರುಬ್ಬಿ ಕೋಟೇಶ್ವರದ ಹೋಟೆಲುಗಳಿಗೆ ಕೊಡುವುದು ನನ್ನ ಕೆಲಸ. ಯಾರ ಮುಂದೆಯೂ ಕೈಚಾಚದೆ ಬದುಕಿದವಳು ನಾನು.

ಹೋದ ಬೇಸಗೆಯಲ್ಲಿ ಊರಿಗೆ ಬಂದವನು ಎಲೆಕ್ಟ್ರಿಷಿಯನ್ನನ್ನು ಕರೆಸಿ ಸ್ವಿಚ್ಚುಗಳ ಹಿಂದೆಲ್ಲ ಸಣ್ಣ ಸಣ್ಣ ಪೆಟ್ಟಿಗೆ ಕೂರಿಸಿದ. ವೈಫೈ ಹಾಕಿಸಿದ. ಆಮೇಲೆ ಜಗಲಿಯಲ್ಲಿ ಕಾಲು ಚಾಚಿ ಕೂತು ಆ ಪೆಟ್ಟಿಗೆಗಳನ್ನು ಇಂಟರ್ನೆಟ್ಟಿನ ಯಾವುದೋ ಸೇವೆಗೆ ಜೋಡಿಸಿದ. ಇಂಥದ್ದಾದರೆ ಇಂಥದ್ದು ಮಾಡು ಎಂದು ಒಮ್ಮೆ ಬರೆದಿಟ್ಟರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದಂತೆ.

"ಇಲ್ಲ್ ಕಾಣ್," ಎಂದು ಫೋನ್ ತೋರಿಸಿದ. "ನೀ ಲೈಟ್ ಹಾಕ್ರೆ ನಂಗೆ ಅಲ್ಲೇ ಗೊತ್ತಾತ್ತ್."

"ನಿಂಗೆ ಎಂತಕ್ ಗೊತ್ತಾಯ್ಕ್?"

ನಕ್ಕ. ಉತ್ತರ ಕೊಡುವಷ್ಟು ದೊಡ್ಡವಳಲ್ಲವಲ್ಲ ನಾನು.

ಅವನು ಮುಂಬೈಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ಗ್ರೈಂಡರ್ ತನ್ನಷ್ಟಕ್ಕೇ ನಿಂತಿತು. ಉದ್ದು ಇನ್ನೂ ಅರ್ಧ ನುರಿದಿತ್ತಷ್ಟೆ. ಕರೆಂಟ್ ಹೋಯಿತೇನೋ ಎಂದು ನೋಡಿದರೆ ಫ್ಯಾನು ತಿರುಗುತ್ತಿದೆ. ಸ್ವಿಚ್ ಒತ್ತಿದರೆ ಒಮ್ಮೆ ಗುರ್ ಎಂದು ಮತ್ತೆ ನಿಲ್ಲುತ್ತದೆ. ಅಣ್ಣನಿಗೆ ಫೋನ್ ಮಾಡಿದೆ. ಗ್ರೈಂಡರ್ ಅರ್ಧ ಗಂಟೆ ದಾಟಿದರೆ ಆರಿಸಿಬಿಡು, ಮತ್ತೆ ಒಂದು ಗಂಟೆ ಓಡಲು ಬಿಡಬೇಡ ಎಂದು ತಾನೇ ಬರೆದಿಟ್ಟದ್ದಂತೆ.

"ಬಿಲ್ ನಾನೇ ಕಟ್ತೆ ಮಾರಾಯ, ತೆಗಿ ಅದನ್ನ," ಎಂದೆ.

"ದುಡ್ಡಿನ್ ಮಾತಲ್ಲ. ಮನಿಗೆ ಒಂದ್ ಶಿಸ್ತ್ ಬೇಡ್ದಾ? ಹೋಟ್ಲಿಗೆ ಹಿಟ್ಟ್ ರುಬ್ಬುಕೆ ಅಬ್ಬಿ ಮನಿ ಕಟ್ಟಿದ್ದಲ್ಲ."

ಅಬ್ಬಿಯ, ಹೆತ್ತ ತಾಯಿಯ, ಹೆಸರೆತ್ತುವ ಯೋಗ್ಯತೆ ಅವನಿಗಿದೆಯೇ? ಅವಳ ಕೊನೆಗಾಲದಲ್ಲಿ ಮಗ್ಗುಲು ಹೊರಳಿಸಿದವಳು ನಾನು. ಅಂದಿನಿಂದ ಸ್ವಲ್ಪ ರುಬ್ಬಿ, ಕಾದು ಕೂತು, ಮತ್ತೆ ಸ್ವಲ್ಪ ರುಬ್ಬಿ, ಹಿಟ್ಟು ಹೊತ್ತಿಗೆ ಸರಿಯಾಗಿ ಹುದುಗು ಬರದೆ ಹೋಟೆಲಿನವರ ಬಾಯಿಗೆ ಬಿದ್ದೆ. ಒಬ್ಬರು ಬೇರೆ ಕಡೆ ಗೊತ್ತುಮಾಡಿಕೊಂಡರು. ನನ್ನ ಅನ್ನಕ್ಕೆ ಕಲ್ಲು ಹಾಕಲು ಅವನು ಊರಿಗೆ ಬರಬೇಕಾಗಿಯೂ ಇರಲಿಲ್ಲ.

ಮಳೆಗಾಲದಲ್ಲಿ ಇಲಿಜ್ವರ ಹಿಡಿಯಿತು. ಆಚೆಮನೆಯವಳು ನನ್ನನ್ನು ರಿಕ್ಷಾದಲ್ಲಿ ಹಾಕಿಕೊಂಡು ಹೋಗಿ ಕುಂದಾಪುರದ ಆಸ್ಪತ್ರೆಗೆ ಸೇರಿಸಿದಳು.

"ಅಣ್ಣಂಗೆ ಫೋನ್ ಮಾಡ್ಕಾ?" ಎಂದು ಕೇಳಿದಳು. ಬೇಡ ಎಂದೆ. ಮನೆಯಲ್ಲಿ ಲೈಟ್ ಉರಿಯುತ್ತಿಲ್ಲ, ಪಂಪು ಓಡುತ್ತಿಲ್ಲ, ಎಲ್ಲ ಅವನ ಅಂಗೈಯಲ್ಲೇ ಕಾಣುತ್ತಿದೆಯಲ್ಲ. ಎಷ್ಟಾದರೂ ಒಡಹುಟ್ಟಿದವನು, ತಂಗಿಗೆ ಏನಾಯಿತೆಂದು ಇವತ್ತಲ್ಲ ನಾಳೆ ಕೇಳಿಯಾನು ಎಂದು ಡ್ರಿಪ್ ಹಾಕಿದ ಕೈಯ ಪಕ್ಕದಲ್ಲೇ ಫೋನಿಟ್ಟುಕೊಂಡು ಮಲಗಿದೆ. ದಿನ ಕಳೆದವು. ಅವನಿಂದ ಒಂದು ಮಾತೂ ಬರಲಿಲ್ಲ.

ಮನೆಗೆ ಕಳಿಸುವ ದಿನ ಅವನ ಮೆಸೇಜು ಬಂತು.

"ಈ ಸಲ ಕರೆಂಟ್ ಭಾರೀ ಉಳ್ದಿತ್. ಗ್ರೈಂಡರ್ ಓಡ್ಲೇ ಇಲ್ಲ. ಕಡಿಗೂ ನಿಂಗೆ ಬುದ್ಧಿ ಬಂತಲೆ. ಹೀಂಗೇ ಇರ್."

ಜ್ವರದಲ್ಲಿ ಅಳದವಳು ಅದನ್ನು ಓದಿ ಗೊಳೋ ಎಂದು ಅತ್ತೆ. ನರ್ಸು ಓಡಿ ಬಂದಳು.

ಮರುದಿನವೇ ಅದೇ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಎಲ್ಲ ಕಿತ್ತು ಮೊದಲಿನ ಹಾಗೆ ಮಾಡು ಎಂದೆ. ಅವನು ತಲೆ ಕೆರೆದುಕೊಂಡ.

"ಅಣ್ಣಂಗೆ ಒಂದ್ ಮಾತ್ ಕೇಣ್ಕಲೆ, ಅಕ್ಕ?"

"ಹಾಕುವತಿಗೆ ನನ್ನತ್ರ ಕೇಂಡಿದ್ಯಾ? ಹತ್ತ್ ಮೇಲೆ!"

ಕೊನೆಯ ಪೆಟ್ಟಿಗೆ ಕಿತ್ತು ಸ್ಟೂಲಿನಿಂದ ಅವನು ಇನ್ನೂ ಇಳಿದಿರಲಿಲ್ಲ, ನನ್ನ ಫೋನ್ ಹೊಡೆದುಕೊಂಡಿತು. ಅಣ್ಣ. ಏದುಸಿರು ಬಿಡುತ್ತಿದ್ದ.

"ಹ್ವಾಯ್, ಎಂತ ಆಯ್ತ್ ಅಲ್ಲ್? ಮನಿ ಪೂರಾ ಬಂದ್ ಅಂದೇಳಿ ತೋರ್ಸ್ತಿತ್ತ್! ಬೆಂಕಿಗಿಂಕಿ ಬಿತ್ತಾ?"

ಅವನ ದನಿಯಲ್ಲಿ ಅಷ್ಟು ಗಾಬರಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಮನಿಗೆ ಎಂತದೂ ಆಯ್ಲಿಲ್ಲ. ನಾನ್ ಇಲಿಜ್ವರ ಬಂದ್ ಆಸ್ಪತ್ರೆಯಂಗೆ ಬಿದ್ದಿದ್ದೆ. ಸಾಯುಕಾಯಿದ್ದೆ. ನಿನ್ನೆ ಮನಿಗೆ ಬಂದೆ."

"ಹೌದಾ," ಎಂದ. "ಅದಿರ್ಲಿ, ಪೆಟ್ಟಿಗೆ ಯಾರ್ ತೆಗ್ದದ್ದ್?"

ನಾನು ಫೋನ್ ಇಟ್ಟುಬಿಟ್ಟೆ. ಆಮೇಲೆ ಅವನ ನಂಬರನ್ನೇ ಬ್ಲಾಕ್ ಮಾಡಿದೆ.