ಧೈರ್ಯ ಹೇಳುತ್ತಿದ್ದ ಅಕ್ಕ

ನಾನು ಔಷಧಿ ಕೊಡುತ್ತಿದ್ದ ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ರೋಗಿಗಳಿಗೆ ಧೈರ್ಯ ಹೇಳುವ ಅಕ್ಕ ಒಬ್ಬರಿದ್ದರು. ಬಾಗಿಲು ಮುಚ್ಚಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಈ ಮಾತು ಇಲ್ಲೇ ಇರ್ತದರಿ" ಎನ್ನುತ್ತಿದ್ದರು.

ಆಸ್ಪತ್ರೆಗೆ ಹೊಸದಾಗಿ ಬಂದ ಸಾಹೇಬರು ತಿಂಗಳ ವರದಿ ಬೇಗ ಆಗಲೆಂದು ರೋಗಿಗಳ ವಿವರವನ್ನೆಲ್ಲ ಮೊಬೈಲಿನ ಎಐಗೆ ಹಾಕಿದರು. "ಹೆಸರಾದ್ರೂ ತೆಗೀರಿ ಸಾಬ್" ಎಂದು ಅಕ್ಕ ಬೇಡಿಕೊಂಡರು. "ಮಷೀನ್ ಯಾರಿಗ್ ಹೇಳ್ತದಮ್ಮಾ?" ಎಂದು ಅವರು ನಕ್ಕರು. ಅದು ಬರೆದುಕೊಟ್ಟ ವರದಿಯನ್ನು ಓದದೆ ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಕಳಿಸಿದರು. ಅದರಲ್ಲಿದ್ದ ಹೆಸರುಗಳು ಅಲ್ಲಿಂದ ಊರೂರು ತಲುಪಿದವು.

ಪೆದ್ದೆಮುಲ್ ಊರಿನ ಕಡೆಯ ಹೆಣ್ಣುಮಗಳೊಬ್ಬಳು ಮಾತ್ರೆಗೆ ಬರುವುದನ್ನೇ ಬಿಟ್ಟಳು. ಅಕ್ಕ ಮಾತ್ರೆ ಹಿಡಿದು ಮನೆಗೆ ಹೋದರೆ ಅವಳು ಬಾಗಿಲು ತೆರೆಯಲಿಲ್ಲ. "ನೀವು ಹೇಳಿಲ್ಲಂತ ಗೊತ್ತದ ಅಕ್ಕಾ. ಆದ್ರ ನೀವ್ ಬಂದ್ರೂ ಮಂದಿ ನೋಡ್ತಾರ. ಹೋಗ್ರಿ" ಎಂದಳು.

ಆ ವರ್ಷವೇ ಅವಳು ತೀರಿಕೊಂಡಳು. ಅಕ್ಕ ಮಣ್ಣಿಗೆ ಹೋಗಲಿಲ್ಲ. ತಾವು ಹೋದರೆ ಅವಳ ಮಕ್ಕಳ ಮೇಲೂ ಜನರ ಕಣ್ಣು ಬೀಳುತ್ತದೆ ಎಂದರು.